ಎಂ.ಪಿ. ಕಾರ್ಡಿಗೆ ಅರಿಶಿನ

ಸಂಕ್ರಾಂತಿಗೆ ಒಂದು ವಾರ ಮುಂಚೆ, ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ, ಜಯನಗರದ ನಮ್ಮ ಹಿಂದಿನ ಬೀದಿಗೆ ಹದಿನೈದಿಪ್ಪತ್ತು ಜನ ಹಳ್ಳಿಯವರು ಬಂದರು. ಗಂಡಸರೆಲ್ಲ ತಲೆಯ ಮೇಲಿನ ಟವೆಲ್ಲನ್ನು ಹೆಗಲಿಗೆ ಇಳಿಸಿದ್ದರು. ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಮುಂದಿದ್ದವನ ಕೈಯಲ್ಲಿ ಚೆಂಡುಹೂವಿನ ದೊಡ್ಡ ಹಾರ.

ಗುಂಪು ನಿಂತದ್ದು ಪಾರ್ಲಿಮೆಂಟ್ ಮೆಂಬರ್ ಲಿಂಗಪ್ಪನವರ ಮಗಳ ಮನೆಯ ಮುಂದೆ. (ದೆಹಲಿಯಿಂದ ಬಂದಾಗ ಲಿಂಗಪ್ಪನವರು ಇಳಿದುಕೊಳ್ಳುವುದು ಅಲ್ಲೇ.) ಒಬ್ಬ ಅಜ್ಜಿ ಗೇಟಿನ ಸರಳು ಹಿಡಿದು ರಾಗ ತೆಗೆದು ಅಳಲು ಶುರು ಮಾಡಿದಳು. ಅಕ್ಕಪಕ್ಕದ ಮನೆಗಳ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ನಮ್ಮ ಹಿತ್ತಿಲ ಗೋಡೆ ಅವರ ಮನೆಗೆ ತಗುಲಿಕೊಂಡಂತಿದೆ. ಬಾಯಿ ತುಂಬ ಹಲ್ಲುಪುಡಿ ಇಟ್ಟುಕೊಂಡು ನಾನೂ ಇಣುಕಿದೆ.

ಬಾಗಿಲು ತೆಗೆದವರು ಯಾರು ಅಂತೀರಿ? ಲಿಂಗಪ್ಪನವರೇ. ಬನಿಯನ್ನು, ಪಂಚೆ, ಕೈಯಲ್ಲಿ ಕಾಫಿ ಲೋಟ.

ಅಜ್ಜಿಯ ಅಳು ಅರ್ಧಕ್ಕೇ ನಿಂತಿತು. ಅವರನ್ನು ಮೇಲಿಂದ ಕೆಳಗೆ ನೋಡಿದಳು. ಕಾಲು ನೆಲದ ಮೇಲಿದೆಯೇ ಎಂದೂ ನೋಡಿದಳೆಂದು ಕಾಣುತ್ತದೆ.

"ನೀನು ಹೋಗ್ಬುಟ್ಟೆ ಅಂತ ಕಾಗ್ದ ಬಂತಲ್ಲೋ ಲಿಂಗಪ್ಪ" ಎಂದಳು. ದನಿಯಲ್ಲಿ ಸಂತೋಷಕ್ಕಿಂತ ಸಿಟ್ಟೇ ಜಾಸ್ತಿ ಇತ್ತು.

"ಯಾರಜ್ಜಿ ಬರೆದಿದ್ದು?"

"ನೀನೇ ಬರೆದಿದ್ದೀಯ."

ಹಾರ ಹಿಡಿದವನು ಸೊಂಟದಿಂದ ಒಂದು ಕಾರ್ಡು ತೆಗೆದು ಕೊಟ್ಟ. ಮಧ್ಯದಲ್ಲಿ ಲಿಂಗಪ್ಪನವರ ಫೋಟೋ. ಸುತ್ತ ಬೆರಳಗಲದ ಕರಿ ಅಂಚು. ಗೋಡೆಯ ಈಚೆ ನಿಂತಿದ್ದ ನನಗೆ ಹಲ್ಲುಪುಡಿ ಗಂಟಲಿಗಿಳಿದು ಕೆಮ್ಮು ಬಂತು. ಯಾಕೆಂದರೆ ಆ ಕಾರ್ಡು ಮಾಡಿಸಿದವನು ನಾನು.

ಇಷ್ಟು ದಿನ ಈ ವಿಷಯ ಅಂಕಣದಲ್ಲಿ ಬರೆಯದೆ ಬಚ್ಚಿಟ್ಟುಕೊಂಡಿದ್ದೆ. ಇವತ್ತು ಒಪ್ಪಿಕೊಳ್ಳುವ ಧೈರ್ಯ ಬಂದಿದೆ. ಧೈರ್ಯ ಏಕೆ ಬಂತು ಎನ್ನುವುದೇ ಈ ವಾರದ ಕಥೆ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವನು ಎಂಬುದು ನಿಮಗೆ ಗೊತ್ತು. ಲಿಂಗಪ್ಪನವರಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಸಲೀಸಾಗಿ ಬಾರದು. ಪಾರ್ಲಿಮೆಂಟಿನಲ್ಲಿ ಅವರು ಕೇಳಬೇಕಾದ ಪ್ರಶ್ನೆಗಳನ್ನು ಇಂಗ್ಲಿಷಿಗೆ ತಿರುಗಿಸಿಕೊಡುವುದು ನನ್ನ ಕೆಲಸ. ಕೂಲಿ ಏನೂ ಇಲ್ಲ, ಮಗಳ ಮನೆಯ ಕಾಫಿ ಉಂಟು. ನಾನು ಅವುಗಳನ್ನು ಅಲಂಕಾರ ಮಾಡಿ ಉದ್ದ ಮಾಡುತ್ತಿದ್ದೆ. ಅವರು ಮೊಟಕು ಮಾಡಿಸುತ್ತಿದ್ದರು. "ಮೇಷ್ಟ್ರೇ, ಊರಿನ ಹೆಸರು ಹಾಕಿ. ಊರಿನ ಹೆಸರಿಲ್ಲದ ಪ್ರಶ್ನೆಗೆ ಮಂತ್ರಿಗಳು ಊರೇ ಇಲ್ಲದ ಉತ್ತರ ಕೊಡ್ತಾರೆ" ಎನ್ನುತ್ತಿದ್ದರು.

ಆ ಊರಿನ ಹೆಸರು ಹೊಂಗೇದೊಡ್ಡಿ. ಕನಕಪುರ ರಸ್ತೆಯಲ್ಲಿ ಬಸ್ಸಿಳಿದು, ಕಾಲುದಾರಿಯಲ್ಲಿ ಒಂದು ಗಂಟೆ ನಡೆದರೆ ಸಿಗುತ್ತದೆ. ಅಧಿವೇಶನ ಯಾವುದೇ ಇರಲಿ, ಲಿಂಗಪ್ಪನವರ ಪ್ರಶ್ನೆ ಒಂದೇ: ಹೊಂಗೇದೊಡ್ಡಿಗೆ ಅಂಚೆ ಕಚೇರಿ ಯಾವಾಗ?

ಇದನ್ನು ಕೇಳಿ ನಮ್ಮ ಪಾರ್ಕಿನ ಬೆಂಚಿನ ಮೇಲೆ ಕೂರುವ ರಿಟೈರ್ಡ್ ಮಹನೀಯರು ಎಷ್ಟು ನಕ್ಕಿದ್ದಾರೆ ಗೊತ್ತೇ? ದೇಶವೆಲ್ಲ ಅಣೆಕಟ್ಟು ಕಟ್ಟುತ್ತಿದೆ, ಉಕ್ಕಿನ ಕಾರ್ಖಾನೆ ಕಟ್ಟುತ್ತಿದೆ, ನಮ್ಮ ಎಂ.ಪಿ.ಗೆ ಒಂದು ಕೆಂಪು ಡಬ್ಬ ಬೇಕಂತೆ. (ನಗುವಾಗ ನಾನೂ ಬೆಂಚಿನ ತುದಿಯಲ್ಲಿ ಕೂತಿದ್ದೆ. ಕಾಫಿ ಅವರದು, ನಗು ಇವರ ಜೊತೆ. ನಾಚಿಕೆಯ ವಿಷಯವೇ.) ಒಂದು ದಿನ ಲಿಂಗಪ್ಪನವರನ್ನೇ ನೇರವಾಗಿ ಕೇಳಿದೆ. ರಸ್ತೆ ಇಲ್ಲ, ಬಾವಿ ಸಾಲದು, ಆಸ್ಪತ್ರೆ ದೂರ. ಎಲ್ಲ ಬಿಟ್ಟು ಅಂಚೆ ಯಾಕೆ ಮೊದಲು?

"ರಸ್ತೆ ಬೇಕು ಅಂತ ಕೇಳೋಕೂ ಒಂದು ಕಾಗದ ಬರೀಬೇಕಲ್ಲ ಮೇಷ್ಟ್ರೇ" ಎಂದರು. ಆಮೇಲೆ ಗೌರಮ್ಮನ ವಿಷಯ ಹೇಳಿದರು.

ಗೌರಮ್ಮ ಹೊಂಗೇದೊಡ್ಡಿಯ ಹುಡುಗಿ. ದಿನಾ ಹೋಬಳಿ ಊರಿಗೆ ನಡೆದುಕೊಂಡು ಹೋಗಿ ಎಲ್.ಎಸ್. (ಲೋಯರ್ ಸೆಕೆಂಡರಿ) ಪಾಸು ಮಾಡಿದವಳು. ಆ ಊರಿನಲ್ಲಿ ಅಷ್ಟು ಓದಿದ ಹೆಣ್ಣು ಅವಳೊಬ್ಬಳೇ. ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಿದಳು. ಇಂಟರ್‌ವ್ಯೂಗೆ ಬಾ ಎಂದು ಕಾಗದವೂ ಬಂತು. ಎಲ್ಲಿಗೆ ಬಂತು? ಹೋಬಳಿ ಊರಿಗೆ. ಹೊಂಗೇದೊಡ್ಡಿಯ ಕಾಗದಗಳು ಸಂತೆಯ ದಿನದವರೆಗೆ ಅಲ್ಲೇ ಕೂತಿರಬೇಕು. ಸಂತೆಗೆ ಹೋದವರು ಕೇಳಿ ತರಬೇಕು. ಯಾರೋ ತಂದರು, ಸೊಪ್ಪಿನ ಬುಟ್ಟಿಯಲ್ಲಿಟ್ಟು. ಗೌರಮ್ಮ ಒಡೆದು ಓದುವ ಹೊತ್ತಿಗೆ ಇಂಟರ್‌ವ್ಯೂ ಮುಗಿದು ನಾಲ್ಕು ದಿನ ಆಗಿತ್ತು.

"ಆ ಮಗು ಅಳಲಿಲ್ಲ ಮೇಷ್ಟ್ರೇ. ನನ್ನ ಮುಂದೆ ಕಾಗದ ಇಟ್ಟು, ಮುಂದಿನ ವರ್ಷ ಮತ್ತೆ ಹಾಕ್ತೀನಿ, ಅದೂ ಹಿಂಗೇ ಬರುತ್ತಾ ಅಂತ ಕೇಳ್ತು. ನಾನು ಏನಂತ ಹೇಳಲಿ?"

ಪ್ರಶ್ನೆ ಕೇಳಿ ಕೇಳಿ ಕೊನೆಗೆ ಮಂತ್ರಿಗಳಿಗೇ ಬೇಜಾರಾಗಿರಬೇಕು. ಬ್ರಾಂಚ್ ಪೋಸ್ಟಾಫೀಸು ಮಂಜೂರಾಯಿತು. ಆದರೆ ಪರೀಕ್ಷೆಗೆ ಮಾತ್ರ. ಯುಗಾದಿವರೆಗೆ ನೋಡುತ್ತೇವೆ, ಕಾಗದಗಳ ಓಡಾಟ ಇದ್ದರೆ ಕಾಯಂ, ಇಲ್ಲದಿದ್ದರೆ ವಾಪಸ್ಸು. ಊರಿನ ಪ್ರೈಮರಿ ಸ್ಕೂಲಿನ ರಾಮಣ್ಣ ಮೇಷ್ಟ್ರೇ ಪೋಸ್ಟ್‌ಮಾಸ್ಟರು, ಅವರೇ ಪೋಸ್ಟ್‌ಮ್ಯಾನು. ಸ್ಕೂಲಿನ ಜಗಲಿಯೇ ಆಫೀಸು.

ಲಿಂಗಪ್ಪನವರಿಗೆ ಒಂದು ಆಸೆ ಹುಟ್ಟಿತು. ಆ ಊರಿಗೆ ಬರುವ ಮೊದಲ ಟಪಾಲು ಚೀಲದಲ್ಲಿ ಮನೆಮನೆಗೂ ಒಂದು ಕಾರ್ಡು ಇರಬೇಕು. ಆ ಕೆಲಸವನ್ನು ನಾನು ಮೈಮೇಲೆ ಹಾಕಿಕೊಂಡೆ. ಫೋಟೋ ಹಾಕಿಸಿದೆ. 'ನಿಮ್ಮ ಸೇವೆಯಲ್ಲಿ' ಎಂದು ಬರೆದೆ. ಚಂದಕ್ಕೆ ಸುತ್ತ ಹಸಿರು ಅಂಚು ಇರಲಿ ಎಂದು ಪ್ರೆಸ್ಸಿನಲ್ಲಿ ಬಾಯಲ್ಲಿ ಹೇಳಿದೆ. ಪ್ರೂಫ್ ಕರಿ ಇಂಕಿನಲ್ಲಿ ಬಂತು. ಪ್ರೂಫ್ ಯಾವತ್ತೂ ಕರಿ ಇಂಕಿನಲ್ಲೇ ಬರುತ್ತದೆ. ತಿದ್ದಿ, ಸಹಿ ಮಾಡಿ, 'ಅಚ್ಚಿಗೆ ಹೋಗಲಿ' ಎಂದು ಬರೆದು ಕಳಿಸಿದೆ. ಹಸಿರು ಇಂಕು ಎಂದು ಬರೆಯಲು ಮರೆತೆ. ಪ್ರೆಸ್ಸಿನವರು ಸಹಿ ಮಾಡಿದ್ದನ್ನು ಸಹಿ ಮಾಡಿದ ಹಾಗೇ ಅಚ್ಚು ಹಾಕಿ, ಪ್ರೆಸ್ಸಿನಿಂದಲೇ ಪೋಸ್ಟಿಗೆ ಹಾಕಿದರು. ನಾನೂ ನೋಡಲಿಲ್ಲ, ಲಿಂಗಪ್ಪನವರೂ ನೋಡಲಿಲ್ಲ.

ಕರಿ ಅಂಚಿನ ಕಾರ್ಡು ಎಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕೇ? ನಮ್ಮ ಮನೆಗಳಲ್ಲೂ ಅದನ್ನು ಹೊಸ್ತಿಲಾಚೆ ನಿಂತು ಓದಿ, ಹರಿದು ಹಾಕಿ, ತಲೆಗೆ ನೀರು ಹಾಕಿಕೊಂಡು ಒಳಗೆ ಬರುತ್ತೇವೆ. ಅದರ ಮೇಲೆ ಫೋಟೋ ಬೇರೆ. ಹೊಂಗೇದೊಡ್ಡಿಯಲ್ಲಿ ಅಕ್ಷರ ಬಲ್ಲವರು ಓದುವ ಮೊದಲೇ ಅಕ್ಷರ ಬಾರದವರಿಗೆ ಎಲ್ಲ ಅರ್ಥವಾಯಿತು. ಊರಿಗೆ ಊರೇ ತಲೆಸ್ನಾನ ಮಾಡಿತು. ಬೆಳಕು ಹರಿಯುವುದರೊಳಗೆ ಹಾರ ಕಟ್ಟಿಕೊಂಡು ಹೊರಟಿತು.

ಆವತ್ತು ಬಂದವರಿಗೆಲ್ಲ ಮಗಳ ಮನೆಯಲ್ಲಿ ಉಪ್ಪಿಟ್ಟು, ಕಾಫಿ. ತಂದ ಹಾರವನ್ನು ಬಲವಂತವಾಗಿ ಲಿಂಗಪ್ಪನವರ ಕೊರಳಿಗೇ ಹಾಕಿದರು. ಅವರೆಲ್ಲ ಹೋದ ಮೇಲೆ ನಾನು ಹೋಗಿ ತಪ್ಪು ಒಪ್ಪಿಕೊಂಡೆ. ಬೈಸಿಕೊಳ್ಳಲು ಸಿದ್ಧನಾಗಿಯೇ ಹೋಗಿದ್ದೆ. ಮನುಷ್ಯ ನಗುತ್ತಾ ಕೂತಿದ್ದರು.

"ನಾನು ಹೋದ್ರೆ ಯಾರ್‍ಯಾರು ಬರ್ತಾರೆ ಅಂತ ಕಣ್ಣಾರೆ ನೋಡ್ಬಿಟ್ಟೆ ಮೇಷ್ಟ್ರೇ. ಯಾರು ಬರಲ್ಲ ಅಂತಾನೂ ಗೊತ್ತಾಯ್ತು."

ನಗು ಹದಿನೈದು ದಿನ ಇತ್ತು. ಆಮೇಲೆ ರಾಮಣ್ಣ ಮೇಷ್ಟ್ರು ಜಯನಗರಕ್ಕೆ ಬಂದರು. ಮುಖ ಬಾಡಿತ್ತು.

"ಯಾರೂ ಕಾಗದ ಮುಟ್ಟಲ್ಲ ಸಾರ್. ನಾನು ಚೀಲ ತಗೊಂಡು ಬೀದಿಗಿಳಿದ್ರೆ ಬಾಗಿಲು ಹಾಕ್ಕೋತಾರೆ. ಬಂದ ಮೊದಲನೇ ಕಾಗದವೇ ಸಾವಿಂದು, ಊರಿಗೆ ಆಗಿಬರಲ್ಲ ಅಂತಾರೆ. ಡಬ್ಬದ ಬಾಯಿಗೆ ಗೋಣಿ ತುರುಕಿದ್ದಾರೆ."

ಲಿಂಗಪ್ಪನವರು ಬದುಕಿದ್ದಾರೆ ಎನ್ನುವುದನ್ನು ಊರು ನಂಬಿತ್ತು. ಕಾಗದ ಒಳ್ಳೆಯದು ಎನ್ನುವುದನ್ನು ನಂಬಲಿಲ್ಲ. ಬಂದ ಕಾಗದ ಯಾರೂ ತೆಗೆದುಕೊಳ್ಳುವುದಿಲ್ಲ, ಊರಿನಿಂದ ಒಂದು ಕಾಗದ ಹೋಗುವುದಿಲ್ಲ. ಯುಗಾದಿಗೆ ಇನ್ಸ್‌ಪೆಕ್ಟರು ಬಂದರೆ ಏನು ತೋರಿಸುವುದು? ಗೌರಮ್ಮ ಆಗಲೇ ಎರಡನೇ ಸಲ ಅರ್ಜಿ ಹಾಕಿದ್ದಳು. ಈ ಆಫೀಸು ಮುಚ್ಚಿದರೆ ಅವಳ ಕಾಗದ ಮತ್ತೆ ಹೋಬಳಿ ಊರಿನಲ್ಲಿ ಸಂತೆಯ ದಿನಕ್ಕೆ ಕಾಯುತ್ತದೆ. ಎಷ್ಟು ಅಧಿವೇಶನದ ಪ್ರಶ್ನೆಗಳನ್ನು ನಾನು ಒಂದು ಅಂಚಿನಲ್ಲಿ ಕೆಡಿಸಿಬಿಟ್ಟೆನಲ್ಲ ಎಂದು ನನಗೆ ಅನ್ನ ಸೇರಲಿಲ್ಲ.

ಆ ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ನಾನು, ಲಿಂಗಪ್ಪನವರು, ರಾಮಣ್ಣ ಮೇಷ್ಟ್ರು ಕೂತು ಯೋಚಿಸಿದೆವು. ಊರಿನಲ್ಲಿ ಭಾಷಣ ಮಾಡಿಸೋಣ ಎಂದೆ ನಾನು. ತಮಟೆ ಹೊಡೆಸಿ ಸಾರೋಣ ಎಂದರು ರಾಮಣ್ಣ. ನಮ್ಮ ಅಮ್ಮ ಪಕ್ಕದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಬಸವನಗುಡಿಯಲ್ಲಿ ಬಾಳಿ, ಈ ಹೊಸ ಬಡಾವಣೆಗೆ ಒಲ್ಲದ ಮನಸ್ಸಿನಿಂದ ಬಂದವಳು. ರಾಜಕೀಯ ಎಂದರೆ ಅವಳಿಗಾಗದು.

"ಮದುವೆ ಕಾಗದಕ್ಕೆ ಮೂಲೆಗೇನು ಹಚ್ಚಿ ಕಳಿಸ್ತಾರೋ?" ಎಂದು ಅವರೆಕಾಯಿಗೆ ಕೇಳಿದಂತೆ ಕೇಳಿದಳು.

ನಾವು ಮೂವರೂ ಅವಳ ಕಡೆ ತಿರುಗಿದೆವು.

"ಕರಿಗೆ ಹೆದರಿದೋರಿಗೆ ಅರಿಶಿನ ತೋರಿಸ್ಬೇಕಪ್ಪ. ಇಷ್ಟು ಹೊತ್ತು ಕೂತು ಮೂರು ಜನ ಮೇಷ್ಟ್ರುಗಳು ಏನು ಮಾತಾಡಿದ್ರಿ?" ಎಂದಳು. (ಲಿಂಗಪ್ಪನವರನ್ನೂ ಮೇಷ್ಟ್ರ ಲೆಕ್ಕಕ್ಕೆ ಸೇರಿಸಿದ್ದಳು. ಅವರು ತಿದ್ದಲು ಹೋಗಲಿಲ್ಲ.)

ಮರುದಿನವೇ ಬರಿ ಕಾರ್ಡುಗಳ ಕಟ್ಟು ಬಂತು. ಈ ಸಲ ಅಚ್ಚು ಬೇಡ, ಕೈಯಲ್ಲೇ ಬರೆಯುತ್ತೇನೆ ಎಂದರು ಲಿಂಗಪ್ಪನವರು. ನಾನು ಬುದ್ಧಿ ಬಾರದೆ, 'ನಮ್ಮ ಸಾಧನೆಗಳು' ಎಂದು ಒಂದು ಪಟ್ಟಿ ಮಾಡಿಕೊಟ್ಟೆ. ಅವರು ಅದನ್ನು ಮಡಿಸಿ ಅಲುಗುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟರು. ಮೇಜು ನೆಟ್ಟಗಾಯಿತು.

ಆಮೇಲೆ ಬರೆಯಲು ಕೂತರು. ಒಂದೊಂದು ಮನೆಗೂ ಬೇರೆ ಬೇರೆ. ನಿಮ್ಮ ಕರಿ ಎಮ್ಮೆ ಈಯಿತೆ? ಚಿಕ್ಕವನ ಕಾಲಿನ ಹುಣ್ಣು ವಾಸಿಯಾಯಿತೆ? ನಿಮ್ಮ ಹಿತ್ತಿಲ ಹಲಸಿನ ಮರಕ್ಕಾಗಿ ಅಣ್ಣ ತಮ್ಮಂದಿರು ಮಾಡಿಕೊಂಡ ಜಗಳ ಬಗೆಹರಿಯಿತೆ? ಯಾವ ಪುಸ್ತಕವನ್ನೂ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ. ಮೇಲಿನ ಬೀದಿಯ ಮೊದಲ ಮನೆಯಿಂದ ಶುರು ಮಾಡಿ, ಕೆರೆ ಏರಿಯ ಕೊನೆಯ ಗುಡಿಸಲಿನವರೆಗೆ, ನಡೆದುಕೊಂಡು ಹೋಗುವ ಹಾಗೆ ಬರೆದುಕೊಂಡು ಹೋದರು. ಪಾರ್ಲಿಮೆಂಟಿನಲ್ಲಿ ಇವರು ಭಾಷಣ ಮಾಡಿದ್ದು ಕಡಿಮೆ ಎಂದು ಪಾರ್ಕಿನಲ್ಲಿ ನಕ್ಕಿದ್ದ ನನಗೆ ಅವತ್ತು ತಲೆ ಎತ್ತಲಾಗಲಿಲ್ಲ.

ಅರಿಶಿನದ ಇಲಾಖೆ ಅಮ್ಮನದು. ಲಿಂಗಪ್ಪನವರ ಮಗಳು ಅಸಿಸ್ಟೆಂಟು. ನೀರು ಹೆಚ್ಚಾದರೆ ಇಂಕು ಕದಡುತ್ತದೆ, ಕಡಿಮೆಯಾದರೆ ಉದುರುತ್ತದೆ. ಅಮ್ಮ ಗಟ್ಟಿಯಾಗಿ ಕಲೆಸಿ, ಬೆರಳ ತುದಿಯಲ್ಲಿ ನಾಲ್ಕು ಮೂಲೆಗೂ ಒತ್ತಿ, ಮೊರದಲ್ಲಿ ಹರಡಿ ನೆರಳಿನಲ್ಲಿ ಒಣಗಿಸಿದಳು. ನಾನು ಕೈಹಾಕಿದ ಎರಡು ಕಾರ್ಡಿನಲ್ಲಿ ವಿಳಾಸವೇ ಹಳದಿಯಾಯಿತು. ನನ್ನನ್ನು ಎಬ್ಬಿಸಿ ಕಳಿಸಿದರು.

ಆ ಚೀಲ ಊರಿಗೆ ಹೋದ ದಿನ ನಾನೂ ಲಿಂಗಪ್ಪನವರೂ ಹೊಂಗೇದೊಡ್ಡಿಗೆ ಹೋದೆವು. ಅವರು ಸ್ಕೂಲಿನ ಜಗಲಿಯ ಮೇಲೇ ಕೂತರು. "ನಾನು ಜೊತೆಗೆ ಬಂದ್ರೆ ಮುಲಾಜಿಗೆ ತಗೋತಾರೆ. ಹಂಗಾಗಬಾರ್ದು" ಎಂದರು. ರಾಮಣ್ಣ ಮೇಷ್ಟ್ರು ಹೆದರುತ್ತ ಹೆದರುತ್ತ ಮೊದಲ ಮನೆಗೆ ಹೋದರು. ನಾನು ಹತ್ತು ಹೆಜ್ಜೆ ಹಿಂದೆ.

ಮೊದಲ ಮನೆ ಗೇಟು ಹಿಡಿದು ಅತ್ತಿದ್ದ ಅದೇ ಅಜ್ಜಿಯದು. ಹೆಸರು ಸಣ್ಣಮ್ಮ. ಬಾಗಿಲು ಅರ್ಧ ಮುಚ್ಚಿದಳು. ರಾಮಣ್ಣ ಕಾರ್ಡನ್ನು ಕೈ ಚಾಚಿ ದೂರದಿಂದಲೇ ತೋರಿಸಿದರು. ಅಜ್ಜಿ ಕಣ್ಣು ಕಿರಿದು ಮಾಡಿ ಮೂಲೆ ನೋಡಿದಳು. ಒಳಗೆ ಹೋದಳು. ಮುಗಿಯಿತು ಎಂದುಕೊಂಡೆ ನಾನು. ಒಳಗೆ ಚೊಂಬಿನ ಸದ್ದು, ನೀರಿನ ಸದ್ದು ಕೇಳಿತು. ಕೈಕಾಲು ತೊಳೆದುಕೊಂಡು ಬಂದವಳು ಎರಡೂ ಕೈ ಚಾಚಿ ಕಾರ್ಡು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು.

"ಓದಪ್ಪ" ಎಂದಳು.

ರಾಮಣ್ಣ ಓದಿದರು: "ಅಜ್ಜಿ, ನಾನು ಸತ್ತಿಲ್ಲ. ನಿನ್ನ ಕೈಯ ಮುದ್ದೆ, ಬಸ್ಸಾರು ಉಣ್ಣದೆ ಸಾಯುವುದೂ ಇಲ್ಲ."

ಅಜ್ಜಿ ಸ್ಕೂಲಿನ ಕಡೆ ತಿರುಗಿ, ಇಡೀ ಬೀದಿಗೆ ಕೇಳುವ ಹಾಗೆ, "ಬಾರ್‍ಲಾ ಲಿಂಗಪ್ಪ, ಸಾರು ಐತೆ" ಎಂದು ಕೂಗಿದಳು. ಒಂದೊಂದೇ ಬಾಗಿಲು ತೆರೆಯಿತು. ಕೊನೆಯ ಕಾರ್ಡು ಕೊಡುವ ಹೊತ್ತಿಗೆ ಕೊಡುವವರು ಬೇಡ, ಜನವೇ ಬಂದು ಚೀಲಕ್ಕೆ ಕೈಹಾಕುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು, ಮುಚ್ಚಿಡುವುದೇಕೆ?

ಬಂದ ಕಾಗದಕ್ಕೆ ಉತ್ತರ ಬರೆಯಬೇಡವೇ? ಗೌರಮ್ಮ ಸ್ಕೂಲಿನ ಜಗಲಿಯ ಮೇಲೆ ಕೂತಳು. ಎರಡು ಜಡೆ, ಮಾತು ಕಮ್ಮಿ, ಅಕ್ಷರ ಮುತ್ತು. ಹೆಂಗಸರು ಸುತ್ತ ಕೂತು ಹೇಳುತ್ತಾರೆ, ಇವಳು ಬರೆಯುತ್ತಾಳೆ. ಮೊದಲು ಲಿಂಗಪ್ಪನವರಿಗೆ. ಆಮೇಲೆ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ. ಅದೂ ಮುಗಿದ ಮೇಲೆ? ಊರೊಳಗೇ ಶುರುವಾಯಿತು. ಕೋಳಿಯೊಂದರ ವಿಷಯಕ್ಕೆ ಮಾತು ಬಿಟ್ಟಿದ್ದ ಮೇಲಿನ ಬೀದಿಯ ಓರಗಿತ್ತಿ ಕೆಳಗಿನ ಬೀದಿಯ ಓರಗಿತ್ತಿಗೆ ಕಾರ್ಡು ಹಾಕಿದಳು. ಎದುರಿಗೆ ನಿಂತು ಆಡಲಾಗದ ಮಾತು ಮೂಲೆಗೆ ಅರಿಶಿನ ಹಚ್ಚಿದ ಕಾರ್ಡಿನಲ್ಲಿ ಸಲೀಸಾಗಿ ಹೋಯಿತು. ಕೆಳಗಿನ ಬೀದಿಯಿಂದ ಉತ್ತರವೂ ಬಂತು. ಎರಡು ಬೀದಿಯ ನಡುವೆ ಇರುವುದು ಒಂದು ಹುಣಸೇಮರ.

ಯುಗಾದಿಯ ಮುಂಚಿನ ವಾರ ಪೋಸ್ಟಲ್ ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಬಂದರು. ನಾನೂ ಲಿಂಗಪ್ಪನವರೂ ಹೋಗಿದ್ದೆವು. ಕಟ್ಟುನಿಟ್ಟಿನ ಮನುಷ್ಯ. ಎಂ.ಪಿ.ಯವರಿಗೆ ನಮಸ್ಕಾರ ಹೇಳಿ, "ತಾವು ಆ ಕಡೆ ಕೂತಿರಿ ಸಾರ್" ಎಂದುಬಿಟ್ಟರು. ಚೀಲ ಬಿಚ್ಚಿದರು. ಕೈ ಹಳದಿ. ರಿಜಿಸ್ಟರು ತೆಗೆದರು. ಅದೂ ಹಳದಿ.

"ಏನ್ರೀ ಮೇಷ್ಟ್ರೇ, ಇದು ಪೋಸ್ಟ್ ಬ್ಯಾಗೋ, ಸಾರಿನ ಪುಡಿ ಚೀಲವೋ?"

ಇನ್ಸ್‌ಪೆಕ್ಟರು ಕಾರ್ಡುಗಳನ್ನು ತಿರುಗಿಸಿ ನೋಡುತ್ತ ಹೋದರು. ಈ ಬೀದಿಯಿಂದ ಆ ಬೀದಿಗೆ ಹೋದ ಕಾಗದಗಳು ಸಿಕ್ಕವು. ಮುಖ ಬಿಗಿಯಾಯಿತು. "ನೂರು ಹೆಜ್ಜೆ ನಡೆದು ಹೇಳೋ ಮಾತಿಗೆ ಪೋಸ್ಟಾಫೀಸು ಬೇಕೇನ್ರಿ? ಇದನ್ನೆಲ್ಲ ಓಡಾಟ ಅಂತ ಹೆಂಗೆ ಬರೀಲಿ?" ಎಂದರು.

ಜಗಲಿಯ ತುದಿಯಲ್ಲಿದ್ದ ಗೌರಮ್ಮ ಎದ್ದು ಮನೆಗೆ ಓಡಿದಳು. ಬಂದವಳು ಎರಡು ಸರ್ಕಾರಿ ಕವರುಗಳನ್ನು ಅವರ ಮುಂದೆ ಇಟ್ಟಳು.

"ಇದು ಹೋದ ವರ್ಷದ್ದು ಸಾರ್. ಇದು ಮೊನ್ನೆ ಬಂದದ್ದು."

ಪೋಸ್ಟಿನವರಿಗೆ ಬೇರೆ ವಿವರಣೆ ಬೇಕೇ? ಮುದ್ರೆ ಓದುವುದೇ ಅವರ ಬದುಕು. ಹೋದ ವರ್ಷದ ಕವರು ತಿರುಗಿಸಿ ಮುದ್ರೆ ನೋಡಿದರು. ಒಳಗಿನ ಕಾಗದ ತೆಗೆದು ಇಂಟರ್‌ವ್ಯೂ ತಾರೀಕು ನೋಡಿದರು. ಕೈಗೆ ಸಿಕ್ಕಿದ್ದು ಯಾವತ್ತು ಎಂದು ಕೇಳಿದರು. ಅವಳು ಹೇಳಿದಳು. ಈ ವರ್ಷದ ಕವರು ತೆಗೆದರು. ನಾಲ್ಕು ಮೂಲೆಗೂ ಅರಿಶಿನ.

"ಸರ್ಕಾರದೋರೂ ಅರಿಶಿನ ಹಚ್ಚಿ ಕಳಿಸ್ತಾರೇನಮ್ಮ?"

ರಾಮಣ್ಣ ಮೇಷ್ಟ್ರು ತಲೆ ತಗ್ಗಿಸಿ, "ನಾನು ಹಚ್ಚಿ ಕೊಟ್ಟೆ ಸಾರ್. ಬರೀ ಮೂಲೇಲಿ ಕೊಡೋಕೆ ಮನಸ್ಸು ಬರಲಿಲ್ಲ" ಎಂದರು.

"ಇಂಟರ್‌ವ್ಯೂಗೆ ಹೋದ್ಯೇನಮ್ಮ?"

"ಇನ್ನೂ ಐದು ದಿನ ಇದೆ ಸಾರ್" ಎಂದಳು ಗೌರಮ್ಮ.

ಇನ್ಸ್‌ಪೆಕ್ಟರು ಎರಡೂ ಕವರು ಜೋಡಿಸಿ ಅವಳ ಕೈಗೆ ಕೊಟ್ಟರು. ರಿಜಿಸ್ಟರಿನಲ್ಲಿ ಏನೋ ಬರೆದರು, ಮುಚ್ಚಿದರು. ಸೈಕಲ್ ಹತ್ತುವಾಗ ರಾಮಣ್ಣನವರನ್ನು ಕರೆದು, "ಮುದ್ರೆ ಮೇಲೆ ಮಾತ್ರ ಅರಿಶಿನ ಬೀಳದ ಹಾಗೆ ನೋಡ್ಕೊಳ್ರಿ. ತಾರೀಕು ಕಾಣಲ್ಲ" ಎಂದರು.

ಅಷ್ಟೇ. ಹಾರ ಇಲ್ಲ, ಭಾಷಣ ಇಲ್ಲ. ಆದರೆ ಗೆದ್ದೆವು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಸಣ್ಣಮ್ಮಜ್ಜಿಗೆ ಎಲ್ಲರಿಗಿಂತ ಮೊದಲೇ ಗೊತ್ತಾಗಿತ್ತು, ಮುದ್ದೆಗೆ ಎಸರು ಇಟ್ಟು ಬಂದಿದ್ದಳು.

ಹೋದ ವಾರ ಹುಕುಂ ಬಂತು. ಹೊಂಗೇದೊಡ್ಡಿಯ ಅಂಚೆ ಕಚೇರಿ ಕಾಯಂ. ಲಿಂಗಪ್ಪನವರು ಅದನ್ನು ನೇರವಾಗಿ ತಂದು ನಮ್ಮ ಅಮ್ಮನ ಕೈಗೆ ಕೊಟ್ಟರು.

"ತಾಯಿ, ಇದು ನಿಮ್ಮದು."

ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಮೂಲೆ ಬರಿದಾಗಿದೆಯಲ್ಲಪ್ಪ, ತಾಳು" ಎಂದು ಒಳಗೆ ಹೋಗಿ ಅರಿಶಿನದ ಬಟ್ಟಲು ತಂದಳು. ಲಿಂಗಪ್ಪನವರು ಆಗಲೇ ಜೇಬಿನಿಂದ ಇನ್ನೊಂದು ಚೀಟಿ ತೆಗೆದಿದ್ದರು. ಮುಂದಿನ ಅಧಿವೇಶನಕ್ಕೆ ಇಂಗ್ಲಿಷಿಗೆ ತಿರುಗಿಸಬೇಕಾದ ಪ್ರಶ್ನೆ. ಅದರಲ್ಲಿ ಬೇರೆ ಊರಿನ ಹೆಸರಿತ್ತು. ನಾನು ಒಂದೇ ಒಂದು ಮಾತೂ ಸೇರಿಸದೆ ತಿರುಗಿಸಿಕೊಟ್ಟೆ.

ನಿನ್ನೆ ನನಗೂ ಒಂದು ಕಾರ್ಡು ಬಂತು. ಮುತ್ತಿನಂಥ ಅಕ್ಷರ. ಟ್ರೈನಿಂಗಿಗೆ ಆಯ್ಕೆಯಾಗಿದ್ದಾಳಂತೆ, ಊರಿನಿಂದ ಹೊರಡುವ ಮುಂಚೆ ಜಗಲಿಯ ಮೇಲೆ ಕೂತು ಕಾಗದ ಬರೆಯುವ ಕೆಲಸ ಇನ್ನಿಬ್ಬರು ಹುಡುಗಿಯರಿಗೆ ಕಲಿಸುತ್ತಿದ್ದಾಳಂತೆ. ನಾಲ್ಕು ಮೂಲೆಗೂ ಅರಿಶಿನ. ಪಾರ್ಕಿಗೆ ತೆಗೆದುಕೊಂಡು ಹೋಗಿ ಬೆಂಚಿನ ಮೇಲಿದ್ದ ಒಬ್ಬೊಬ್ಬರ ಕೈಗೂ ಕೊಟ್ಟೆ. ಯಾರೂ ನಗಲಿಲ್ಲ. ಒಬ್ಬರಂತೂ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು.

ಚುನಾವಣೆ ಬರುತ್ತದೆ. ಸಾಧನೆಗಳ ಪಟ್ಟಿ, ಬಣ್ಣದ ಅಂಚು, ನಗುವ ಫೋಟೋ, ಎಲ್ಲ ನಿಮ್ಮ ಬಾಗಿಲಿಗೂ ಬರುತ್ತವೆ. ನಾನು ಕೇಳುವುದು ಇಷ್ಟೇ. ನಿಮ್ಮ ಮೆಂಬರರ ಕಾಗದ ಬಂದಾಗ ನಿಮ್ಮ ಮನೆಯವರು ಕೈತೊಳೆದು ತೆಗೆದುಕೊಳ್ಳುತ್ತಾರೋ, ಓದಿ ತಲೆಗೆ ನೀರು ಹಾಕಿಕೊಳ್ಳುತ್ತಾರೋ?